ಡ್ಯೂಟಿ ಮುಗಿಸಿ ಬಂದು – 9: "ಬರೀ ಗಂಟಲು ನೋವು ತಾನೆ?"

ಇವತ್ತು ಸ್ವಲ್ಪ ಬೈಯೋದಿದೆ, ಕೇಳಿಸ್ಕೊಳ್ಳಿ.

ಹೋದ ತಿಂಗಳು ಊರಿಂದ ತಮ್ಮ ವಿಡಿಯೋ ಕಾಲ್ ಮಾಡಿದ್ದ. ಬಾಯಲ್ಲಿ ಬಿಸಿ ಅನ್ನ ಇಟ್ಕೊಂಡು ಮಾತಾಡ್ದಂಗೆ ದನಿ. ಬಾಯಿ ಸರಿಯಾಗಿ ತೆಗೆಯೋಕಾಗ್ತಿಲ್ಲ, ಎಂಜಲು ನುಂಗೋಕಾಗದೆ ಟವೆಲಿಗೆ ಒರೆಸ್ಕೊಳ್ತಿದಾನೆ. ಆರು ದಿನದ ಜ್ವರ. "ಉಪ್ಪುನೀರು ಮುಕ್ಕಳಿಸ್ತಿದೀನಿ ಅಕ್ಕ, ಹೋಗತ್ತೆ" ಅಂದ. ನಾನು ಲೀಡ್ಸಲ್ಲಿ ಕೂತು ಕಿರುಚಿದೆ, ಅವನು ಆಸ್ಪತ್ರೆಗೆ ಹೋದ. ಟಾನ್ಸಿಲ್ ಪಕ್ಕ ಕೀವು ತುಂಬಿತ್ತು. ಸೂಜಿ ಹಾಕಿ ತೆಗೆದ್ರು, ಮೂರು ದಿನ ಅಡ್ಮಿಟ್. ಡಾಕ್ಟರುಗಳು ಇದಕ್ಕೆ ಕ್ವಿನ್ಸಿ ಅಂತಾರೆ. ಚಿಕ್ಕ ಮಕ್ಕಳಿಗಿಂತ ಹರೆಯದವರಿಗೇ ಇದು ಜಾಸ್ತಿ. "ದೊಡ್ಡೋರಿಗೆ ಏನಾಗತ್ತೆ" ಅನ್ನೋರು ಇದನ್ನ ಎರಡು ಸಲ ಓದಿ.

ಹಾಗಂತ ಪ್ರತಿ ಗಂಟಲು ನೋವಿಗೂ ಆಂಟಿಬಯಾಟಿಕ್ ನುಂಗಿ ಅಂತಿಲ್ಲ. ಹೆಚ್ಚಿನವು ವೈರಸ್ಸಿಂದ ಬರೋದು. ಕಷಾಯ, ವಿಶ್ರಾಂತಿ ಸಾಕು. ಆದ್ರೆ ಕೆಮ್ಮು ನೆಗಡಿ ಇಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನಲ್ಲಿ ಮುಟ್ಟಿದ್ರೆ ನೋಯೋ ಗಂಟು, ಇವು ಒಟ್ಟಿಗಿದ್ರೆ ಸ್ಟ್ರೆಪ್ ಬ್ಯಾಕ್ಟೀರಿಯಾ ಇರಬಹುದು. ಡಾಕ್ಟರಿಗೆ ತೋರಿಸಿ. ಅದೂ ಬಹಳ ಜನಕ್ಕೆ ವಾರದಲ್ಲಿ ತಾನೇ ವಾಸಿಯಾಗತ್ತೆ, ನಿಜ. ಆಗದೇ ಇರೋ ಒಬ್ಬರು ನೀವೇ ಆದ್ರೆ? ಕೀವು ಕಟ್ಟಬಹುದು, ಅಪರೂಪಕ್ಕೆ ಸೋಂಕು ರಕ್ತಕ್ಕೂ ಇಳಿಯತ್ತೆ.

ಚಿಕ್ಕಂದಿನಲ್ಲಿ ಕೀಲು ಊದಿ ರುಮ್ಯಾಟಿಕ್ ಜ್ವರ ಬಂದಿದ್ದವರು ಒಂದು ದಿನವೂ ಕಾಯಬೇಡಿ. ಮತ್ತೆ ಸ್ಟ್ರೆಪ್ ಬಂದ್ರೆ ಆ ಜ್ವರ ಮರುಕಳಿಸಿ ಹೃದಯದ ಕವಾಟ ಇನ್ನಷ್ಟು ಹಾಳಾಗಬಹುದು. ನಿಮಗೆ ಬಂದಿಲ್ವಾ? ನಿಮ್ಮ ಲೋಟದಲ್ಲೇ ಕುಡಿಯೋ ಮಗೂನ ನೋಡಿ. ಆ ಜ್ವರ ಮೊದಲು ಹಿಡಿಯೋದು ಹೆಚ್ಚಾಗಿ 5ರಿಂದ 15 ವರ್ಷದವರನ್ನೇ.

ಇನ್ನು ಮೆಡಿಕಲ್ ಶಾಪಲ್ಲಿ ಕೇಳಿ ಎರಡು ಮಾತ್ರೆ ತಗೊಂಡು, ನೋವು ಇಳೀತು ಅಂತ ನಿಲ್ಲಿಸೋ ಬುದ್ಧಿವಂತರು. ನನ್ನ ತಮ್ಮನೂ ಅದನ್ನೇ ಮಾಡಿದ್ದ! ಡಾಕ್ಟರು ಹತ್ತು ದಿನ ಅಂದ್ರೆ ಹತ್ತು ದಿನ. ಪೆನ್ಸಿಲಿನ್ ಅಲರ್ಜಿ ಇದ್ರೆ ಮೊದಲೇ ಹೇಳಿ.

"ನಿಂಗೇನಮ್ಮ, ಅಲ್ಲಿ ಎಲ್ಲಾ ಫ್ರೀ" ಅಂತೀರಿ, ಗೊತ್ತು. ಡಾಕ್ಟರ ಫೀಸು ಉಳಿಸೋಕೆ ಹೋಗಿ ಮೂರು ದಿನದ ವಾರ್ಡ್ ಬಿಲ್ ಕಟ್ಟಿದ್ದು ನಮ್ಮಪ್ಪ.

ಬಾಯಿ ತೆಗೆಯೋಕಾಗ್ತಿಲ್ಲ, ಎಂಜಲು ನುಂಗೋಕಾಗ್ತಿಲ್ಲ, ಉಸಿರು ಕಟ್ತಿದೆ ಅಂದ್ರೆ ನಂಗೆ ಮೆಸೇಜ್ ಮಾಡ್ತಾ ಕೂರಬೇಡಿ. ಆಸ್ಪತ್ರೆಗೆ ಓಡಿ, ಆಮೇಲೆ ಬೇಕಾದ್ರೆ ಫೋನ್ ಮಾಡಿ.

(ತಮ್ಮನ ಒಪ್ಪಿಗೆ ಪಡೆದೇ ಬರೆದಿದೀನಿ. ಬೈಸ್ಕೊಂಡು ಬೈಸ್ಕೊಂಡು ಅವನಿಗೂ ಅಭ್ಯಾಸ ಆಗಿದೆ.)