ವೃದ್ಧರ ವಿಮೆ, ಏಜೆಂಟರ ವಿದ್ಯೆ

ವಯಸ್ಸಾದವರಿಗೆ ಆರೋಗ್ಯ ವಿಮೆಯನ್ನು ಮಾರುವ ಏಜೆಂಟರು ಒಮ್ಮೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕೇ, ಅಥವಾ ಕಾಲಕಾಲಕ್ಕೆ ಮತ್ತೆ ಓದಿ ಪರೀಕ್ಷೆಗೆ ನಿಲ್ಲಬೇಕೇ ಎಂಬ ಪ್ರಶ್ನೆಯು ಕಂಪೆನಿಗಳ ಒಳಗಿನ ವ್ಯವಹಾರವೆಂದು ಅನೇಕರು ಭಾವಿಸಿರುವಂತೆ ತೋರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಪೆನ್ಷನ್ ಬರುವ ಪ್ರತಿಯೊಂದು ಮನೆಯ ವ್ಯವಹಾರ.

ಹಿಂದಿನ ಸ್ಥಿತಿಯನ್ನು ಸ್ವಲ್ಪ ಜ್ಞಾಪಿಸಿಕೊಳ್ಳುವುದು ಅವಶ್ಯ. ವಿಮಾ ನಿಯಂತ್ರಣ ಪ್ರಾಧಿಕಾರದವರು ೨೦೦೦ದಲ್ಲಿ ಮಾಡಿದ ನಿಬಂಧನೆಗಳ ಮೇರೆಗೆ ಏಜೆಂಟನ ಲೈಸೆನ್ಸು ಮೂರು ವರ್ಷಗಳ ಅವಧಿಯದಾಗಿತ್ತು. ಅದನ್ನು ನವೀಕರಿಸಬೇಕಾದರೆ ೨೫ ಗಂಟೆಗಳ ಶಿಕ್ಷಣವನ್ನು ಪಡೆಯಬೇಕಾಗಿತ್ತು. ೨೦೧೫ರಲ್ಲಿ ವಿಮಾ ಕಾಯಿದೆಯು ತಿದ್ದುಪಡಿಯಾಗಿ ಏಜೆಂಟರನ್ನು ನೇಮಿಸುವ ಅಧಿಕಾರವು ಕಂಪೆನಿಗಳ ಕೈ ಸೇರಿತು. ಆರಂಭದ ಪರೀಕ್ಷೆ ಉಳಿಯಿತು. ಲೈಸೆನ್ಸಿನ ನವೀಕರಣವೂ ಅದರೊಡನಿದ್ದ ೨೫ ಗಂಟೆಗಳ ಕಟ್ಟಳೆಯೂ ಹೋದುವು. ಮುಂದಿನ ಶಿಕ್ಷಣವು ಕಂಪೆನಿಗಳ ವಿವೇಚನೆಗೆ ಬಿಟ್ಟ ಮಾತಾಯಿತು.

ಅಲ್ಲಿಂದೀಚೆಗೆ ನಿಯಮಗಳು ಎಷ್ಟು ಬದಲಾಗಿವೆಯೆಂಬುದನ್ನು ವಾಚಕರು ಗಮನಿಸಬೇಕು. ೬೫ ವರ್ಷ ಮೀರಿದವರಿಗೆ ಹೊಸ ಪಾಲಿಸಿಯನ್ನು ನಿರಾಕರಿಸಲು ಕಂಪೆನಿಗಳಿಗಿದ್ದ ಆಧಾರವು ೨೦೨೪ನೆಯ ಏಪ್ರಿಲಿನಲ್ಲಿ ಹೋಯಿತು. ಮೊದಲೇ ಇದ್ದ ರೋಗಗಳಿಗಾಗಿ ಕಾಯಬೇಕಾದ ಗರಿಷ್ಠ ಅವಧಿಯು ೪೮ ತಿಂಗಳಿಂದ ೩೬ ತಿಂಗಳಿಗೆ ಇಳಿಯಿತು. ಪಾಲಿಸಿಯನ್ನು ಓದಿನೋಡಿ ಹಿಂದಿರುಗಿಸಲು ಕೊಟ್ಟಿರುವ ಕಾಲವು ೩೦ ದಿನಗಳಾಯಿತು. ೨೦೨೫ನೆಯ ಜನವರಿಯಲ್ಲಿ, ೬೦ ವರ್ಷ ದಾಟಿದವರ ಕಂತನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ಏರಿಸಬೇಕಾದರೆ ಪ್ರಾಧಿಕಾರದೊಡನೆ ಮೊದಲು ಸಮಾಲೋಚಿಸತಕ್ಕದ್ದೆಂದು ಆಜ್ಞೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ ೨೨ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ನೂರಕ್ಕೆ ೧೮ರ ತೆರಿಗೆಯೂ ರದ್ದಾಯಿತು. ೨೦೧೬ರಲ್ಲಿ ಪರೀಕ್ಷೆ ಬರೆದು ಆ ಮೇಲೆ ಪುಸ್ತಕವನ್ನು ಮುಟ್ಟದವನೊಬ್ಬನು ಇಂದು ೬೮ ವರ್ಷದ ವೃದ್ಧರ ಮುಂದೆ ಕುಳಿತು, "ನಿಮ್ಮ ವಯಸ್ಸಿಗೆ ಪಾಲಿಸಿ ದೊರೆಯುವುದಿಲ್ಲ ಸ್ವಾಮಿ" ಎಂದರೆ, ಆತನು ಸುಳ್ಳುಗಾರನಲ್ಲ. ಆದರೂ ಆ ವೃದ್ಧರು ಕೆಟ್ಟರು.

ಸುಳ್ಳು ಹೇಳುವವರೂ ಇಲ್ಲದಿಲ್ಲ. "ಸಕ್ಕರೆ ಕಾಯಿಲೆಯ ವಿಷಯವನ್ನು ಅರ್ಜಿಯಲ್ಲಿ ಬರೆಯಬೇಡಿ, ಕಂತು ಹೆಚ್ಚಾಗುತ್ತದೆ" ಎಂಬ ಸಲಹೆಯನ್ನು ಕೇಳದ ಊರು ಯಾವುದು? ಆಸ್ಪತ್ರೆ ಸೇರಿದ ದಿನ ಅದೇ ಮೌನವು ಕ್ಲೈಮನ್ನು ತಳ್ಳಿಹಾಕಲು ಕಾರಣವಾಗುತ್ತದೆ. ಕೊಠಡಿಯ ಬಾಡಿಗೆಯ ಮಿತಿಯು ಇನ್ನೂ ಸೂಕ್ಷ್ಮವಾದುದು. ದಿನಕ್ಕೆ ೫,೦೦೦ ರೂಪಾಯಿಯ ಮಿತಿಯುಳ್ಳವರು ೧೦,೦೦೦ ರೂಪಾಯಿಯ ಕೊಠಡಿಯನ್ನು ಹಿಡಿದರೆ, ಹೆಚ್ಚಿನ ೫,೦೦೦ವನ್ನು ಮಾತ್ರ ತಾವು ತೆತ್ತರಾಯಿತೆಂದು ತಿಳಿಯುತ್ತಾರೆ. ಆದರೆ ಅನೇಕ ಪಾಲಿಸಿಗಳ ಷರತ್ತಿನಂತೆ, ಔಷಧ ಮೊದಲಾದುವನ್ನು ಬಿಟ್ಟು, ವೈದ್ಯರ ಫೀಜು, ಶಸ್ತ್ರಚಿಕಿತ್ಸೆಯ ವೆಚ್ಚ ಇವೆಲ್ಲವೂ ಅದೇ ಪ್ರಮಾಣದಲ್ಲಿ, ಎಂದರೆ ಅರ್ಧಕ್ಕೆ, ಇಳಿಯುತ್ತವೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬಲ್ಲ ಏಜೆಂಟರು ಎಷ್ಟು ಮಂದಿ?

೭೦ ತುಂಬಿದವರೆಲ್ಲರಿಗೂ ವರಮಾನದ ಭೇದವಿಲ್ಲದೆ ಕುಟುಂಬಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯನ್ನು ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರದವರು ೨೦೨೪ನೆಯ ಅಕ್ಟೋಬರಿನಲ್ಲಿ ಪ್ರಾರಂಭಿಸಿದರು. ಖಾಸಗಿ ವಿಮೆಯುಳ್ಳವರೂ ಇದಕ್ಕೆ ಅರ್ಹರು. ಇದನ್ನು ತಿಳಿಸಿದರೆ ಏಜೆಂಟನಿಗೆ ಕಮಿಷನ್ ಬಾರದು. ತಿಳಿಸುವುದು ಅವನ ಕರ್ತವ್ಯವೆಂದು ಯಾರಾದರೂ ಅವನಿಗೆ ಕಲಿಸಬೇಡವೇ?

ಅಮೆರಿಕಾ ದೇಶದಲ್ಲಿ ೧೯೬೫ರ ಕಾಯಿದೆಯಿಂದ ವೃದ್ಧರಿಗಾಗಿ ಏರ್ಪಟ್ಟ ಮೆಡಿಕೇರ್ ವ್ಯವಸ್ಥೆಯಲ್ಲಿ ಖಾಸಗಿ ಕಂಪೆನಿಗಳ ಪಾಲಿಸಿಗಳನ್ನು ಮಾರುವ ಏಜೆಂಟರು ಪ್ರತಿ ವರ್ಷವೂ ಶಿಕ್ಷಣವನ್ನು ಪಡೆದು, ಪರೀಕ್ಷೆಯಲ್ಲಿ ನೂರಕ್ಕೆ ೮೫ಕ್ಕೆ ಕಡಿಮೆಯಿಲ್ಲದ ಅಂಕಗಳನ್ನು ಗಳಿಸಬೇಕು. ಇದಲ್ಲದೆ ಅಲ್ಲಿನ ಅನೇಕ ಸಂಸ್ಥಾನಗಳಲ್ಲಿ ಎರಡು ವರ್ಷಕ್ಕೆ ೨೪ ಗಂಟೆಗಳ ಶಿಕ್ಷಣವು ಕಡ್ಡಾಯ. ಅಲ್ಲಿ ವಂಚನೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ "ನನಗೆ ತಿಳಿಯದು" ಎಂಬ ನೆಪವಾದರೂ ಅಲ್ಲಿ ನಡೆಯದು.

ಹೀಗೆ ಮಾಡಿದರೆ ಸಣ್ಣ ಊರುಗಳ ಬಡ ಏಜೆಂಟರಿಗೆ ಹೊರೆಯಾಗುವುದೆಂಬ ಆಕ್ಷೇಪವಿದೆ. ಹತ್ತನೆಯ ತರಗತಿ ಮುಗಿಸಿದವರು ಈ ವೃತ್ತಿಗೆ ಬರುವುದರಲ್ಲಿ ನಮಗೆ ಯಾವ ಅಸಮಾಧಾನವೂ ಇಲ್ಲ. ಅಷ್ಟೇ ಓದಿದವರು ಪತ್ರಿಕೆಯನ್ನು ನಡೆಸುತ್ತಿಲ್ಲವೇ? ಶುಲ್ಕವನ್ನು ಕಂಪೆನಿಗಳೇ ವಹಿಸಲಿ. ಕಂಪೆನಿಗಳು ತಾವೇ ಶಿಕ್ಷಣ ಕೊಡುತ್ತಿವೆಯೆಂಬುದು ಇನ್ನೊಂದು ಉತ್ತರ. ಮಾರುವ ಚಾತುರ್ಯವನ್ನು ಕಲಿಸುವುದೇ ಬೇರೆ, ಕೊಳ್ಳುವವರ ಹಿತವನ್ನು ಕಲಿಸುವುದೇ ಬೇರೆ. ಹಾಜರಿ ಪುಸ್ತಕದಲ್ಲಿ ರುಜು ಹಾಕಿ ಎದ್ದುಹೋಗುವ ಹಳೆಯ ಗಂಟೆಗಳ ಲೆಕ್ಕವೂ ನಮಗೆ ಬೇಡ.

ವಯಸ್ಸಾದವರಿಗೆ ಪಾಲಿಸಿ ಮಾರುವವರಿಗೆ ವರ್ಷಕ್ಕೊಂದು ಪರೀಕ್ಷೆಯನ್ನು ಪ್ರಾಧಿಕಾರದವರೇ ಗೊತ್ತುಮಾಡಲಿ. ಅದು ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ನಡೆಯಲಿ. ಗ್ರಾಹಕರು ಕೇಳಿದರೆ ಪಾಲಿಸಿಯ ಸಾರಾಂಶಪತ್ರವನ್ನು ದೇಶಭಾಷೆಯಲ್ಲಿ ಕೊಡತಕ್ಕದ್ದೆಂದು ವಿಧಿಸಿರುವವರು ಅದನ್ನು ವಿವರಿಸುವವನ ಪರೀಕ್ಷೆಗೆ ಹಿಂಜರಿಯಬೇಕಾದ ಕಾರಣವಿಲ್ಲ. ತೇರ್ಗಡೆಯಾದ ವರ್ಷವನ್ನು ಏಜೆಂಟನ ಗುರುತಿನ ಚೀಟಿಯ ಮೇಲೆ ಅಚ್ಚುಹಾಕಿಸಲಿ. ಅಲ್ಲಿಯವರೆಗೆ ನಮ್ಮ ಪೆನ್ಷನ್‌ದಾರ ಮಹಾಶಯರು, ಮನೆಗೆ ಬಂದವನಿಗೆ ಕಾಫಿ ಕೊಡುವುದಕ್ಕೆ ಮುಂಚೆ, ಆತನು ಕಡೆಯ ಸಲ ಪರೀಕ್ಷೆಗೆ ಕುಳಿತದ್ದು ಯಾವಾಗಲೆಂದು ವಿಚಾರಿಸಲಿ.