ಅಳೆಯಬೇಕಾದುದು ಮಗುವನ್ನೇ, ಮನೆಯನ್ನೇ?

ಶ್ರಾವಣ ಮಾಸದ ಪ್ರವಚನದ ನಿಮಿತ್ತ ಬೀದರ ಜಿಲ್ಲೆಯಲ್ಲಿ ಸಂಚರಿಸುವುದು ನಮಗೆ ಬಹು ವರ್ಷಗಳ ರೂಢಿ. ಪ್ರವಚನ ಮುಗಿದ ಬಳಿಕ ಭಕ್ತರು ಮನೆಗೆ ಕರೆಯುತ್ತಾರೆ. ಪ್ರಸಾದವಾಗುತ್ತದೆ, ಸುಖದುಃಖಗಳ ಮಾತು ಬರುತ್ತದೆ. ಹಾಗೆ ಹೋದ ಮನೆಗಳಲ್ಲಿ ಕೆಲವೆಡೆ ಒಂದು ಕೋಣೆಯ ಬಾಗಿಲು ಮುಚ್ಚಿರುವುದನ್ನು ನಾವು ಕಂಡಿದ್ದೇವೆ. ಆ ಬಾಗಿಲ ಹಿಂದೆ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗನೋ ಮಗಳೋ ಇರುತ್ತಾರೆ. ಹಿಂದೆ ಇವರನ್ನು ಬುದ್ಧಿಮಾಂದ್ಯರೆಂದು ಬರೆಯುತ್ತಿದ್ದೆವು. ಈಗ ಬೌದ್ಧಿಕ ವಿಕಲತೆಯುಳ್ಳವರು ಎನ್ನುತ್ತೇವೆ. ಓಣಿಯ ಬಾಯಲ್ಲಿ ಮಾತ್ರ ಇಂದಿಗೂ ‘ಮಬ್ಬ’, ‘ಹುಚ್ಚ’ ಎಂಬ ಮಾತುಗಳೇ ಉಳಿದಿವೆ.

ಇದು ಹುಚ್ಚಲ್ಲ. ಹೆರಿಗೆಯ ವೇಳೆ ಶಿಶುವಿಗೆ ಪ್ರಾಣವಾಯು ಸಾಲದೆ ಹೋಗುವುದು, ಎಳವೆಯಲ್ಲಿ ಬಂದ ಮಿದುಳುಜ್ವರ, ವಂಶವಾಹಿಗಳಲ್ಲಿನ ದೋಷ ಮೊದಲಾದವು ಇದಕ್ಕೆ ಕಾರಣ. ಕಾರಣವೇ ತಿಳಿಯದಿರುವುದೂ ಉಂಟು. ಜೀವನಪರ್ಯಂತ ಉಳಿಯುವ ಕೊರತೆಯಾದರೂ, ತಾಳ್ಮೆಯಿಂದ ಕಲಿಸಿದರೆ ಬದುಕನ್ನು ಬಹಳಷ್ಟು ಹಗುರಗೊಳಿಸಬಹುದು. 2011ರ ಜನಗಣತಿಯಂತೆ ಭಾರತದಲ್ಲಿ ಇಂಥವರು ಸುಮಾರು 15 ಲಕ್ಷ ಮಂದಿ. ಇವರಲ್ಲಿ ಹೆಚ್ಚಿನವರನ್ನು ಸಲಹುತ್ತಿರುವುದು ಸಂಸ್ಥೆಗಳಲ್ಲ, ಮನೆಗಳು, ಮನೆಗಳಲ್ಲಿಯೂ ತಾಯಂದಿರು.

ಈ ಮಕ್ಕಳ ವಿಕಲತೆಯನ್ನು ಅಳೆಯಲು ಸರಕಾರದ ಬಳಿ ಅಳತೆಗೋಲಿದೆ. ವೈದ್ಯರು ಪರೀಕ್ಷಿಸಿ ಅಲ್ಪ ಪ್ರಮಾಣದ್ದಕ್ಕೆ ಶೇಕಡಾ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿ ತೀವ್ರಕ್ಕೆ 100 ಎಂದು ಪ್ರಮಾಣಪತ್ರ ಬರೆದುಕೊಡುತ್ತಾರೆ. ಆ ಕಾಗದ ಬೇಕಾದುದೇ. ಮಾಸಾಶನವೂ ಇತರ ಸೌಲಭ್ಯಗಳೂ ಅದರಿಂದಲೇ ದೊರೆಯುವುವು. ಆದರೆ ಆ ಜೀವಕ್ಕೆ ಮನೆಯಲ್ಲಿ ಸಿಗುತ್ತಿರುವ ಆರೈಕೆ ಎಷ್ಟು, ಎಂಥದು ಎಂಬುದನ್ನು ಅಳೆದವರು ಯಾರು?

ಇಂಗ್ಲೆಂಡಿನಲ್ಲಿ ಇದಕ್ಕೊಂದು ಆಯೋಗವಿದೆ. ಸಂಬಳದ ಆರೈಕೆದಾರರನ್ನು ಮನೆಗಳಿಗೆ ಕಳುಹಿಸುವ ಸಂಸ್ಥೆಗಳನ್ನು ಅದು 2009ರಿಂದ ತಪಾಸಣೆ ಮಾಡುತ್ತ ಬಂದಿದೆ. ಆರೈಕೆ ಸುರಕ್ಷಿತವೇ, ಪರಿಣಾಮಕಾರಿಯೇ, ಅದರಲ್ಲಿ ಅಂತಃಕರಣವಿದೆಯೇ, ಆ ವ್ಯಕ್ತಿಯ ಅಗತ್ಯಕ್ಕೆ ಸ್ಪಂದಿಸುವುದೇ, ಆಡಳಿತ ಸರಿಯಿದೆಯೇ ಎಂಬ ಐದು ಪ್ರಶ್ನೆಗಳನ್ನು ಅದು ಈಗ ಕೇಳುತ್ತದೆ. ಅಂಥ ದೇಶದಲ್ಲಿಯೂ 2011ರಲ್ಲಿ ಬ್ರಿಸ್ಟಲ್ ನಗರದ ಸಮೀಪದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಈ ಬಗೆಯ ವಿಕಲತೆಯುಳ್ಳವರನ್ನು ಸಿಬ್ಬಂದಿಯೇ ಹೊಡೆದು ಹಿಂಸಿಸುತ್ತಿದ್ದುದು ಬಯಲಾಯಿತು. ಅದನ್ನು ಬಯಲಿಗೆಳೆದುದು ಆಯೋಗವಲ್ಲ, ದೂರದರ್ಶನ ವರದಿಗಾರನ ಗುಪ್ತ ಕ್ಯಾಮೆರಾ. 11 ಮಂದಿ ಶಿಕ್ಷೆಗೊಳಗಾದರು. ಕಾಗದ ಸರಿಯಿದ್ದ ಮಾತ್ರಕ್ಕೆ ಆರೈಕೆ ಸರಿಯಿರದು. ಒಳಹೊಕ್ಕು ನೋಡುವ ಕಣ್ಣು ಬೇಕು ಎಂಬುದೇ ಇದರ ಪಾಠ. ನಮ್ಮಲ್ಲಿ ತಾಯಿಯ ಅಡುಗೆಮನೆಗೆ ಯಾವ ಆಯೋಗವೂ ಬರುವುದಿಲ್ಲ, ಬರಲೂಬೇಕಿಲ್ಲ. ಆ ಕಣ್ಣು ಮನೆಯವರದೂ ನೆರೆಹೊರೆಯವರದೂ ಆಗಬೇಕು. ನಾವು ಕಂಡ ಮೂರು ಮನೆಗಳನ್ನು ಇಲ್ಲಿ ನೆನೆಯುವುದು ಇದಕ್ಕಾಗಿಯೇ.

ಮೊದಲನೆಯದು ಬೀದರ ನಗರದಲ್ಲಿ. ಅನುಕೂಲಸ್ಥರ ಮನೆ, ಇಪ್ಪತ್ತೆಂಟು ವಯಸ್ಸಿನ ತರುಣ. ಶುಭ್ರವಾದ ಬಟ್ಟೆ, ಶುಭ್ರವಾದ ಹಾಸಿಗೆ. “ಊಟಕ್ಕ, ಬಟ್ಟಿಗಿ ಏನೂ ಕಮ್ಮಿ ಮಾಡಿಲ್ರಿ ಅಪ್ಪೋರೆ” ಎಂದರು ಅಣ್ಣನವರು. ಅದು ನಿಜ. ಆದರೆ ಆತ ತಾನೇ ಉಂಡರೆ ಚೆಲ್ಲುತ್ತಾನೆ, ಹೊತ್ತೂ ಹಿಡಿಯುತ್ತದೆ ಎಂದು ವೈನಿಯೇ ತುತ್ತು ಮಾಡಿ ಉಣಿಸುತ್ತಾರೆ. ಮದುವೆಗೆ, ಜಾತ್ರೆಗೆ ಅವನನ್ನು ಕರೆದೊಯ್ದುದಿಲ್ಲ. ನಾವು ವಿಭೂತಿಯನ್ನು ಮುಂದೆ ಹಿಡಿದಾಗ ಆ ತರುಣನು ಕೈ ನೀಡಿ, ಮೂರು ಬೆರಳುಗಳಿಂದ ತಾನೇ ಹಣೆಗೆ ಧರಿಸಿಕೊಂಡನು. ಮನೆಯವರು ಬೆರಗಾದರು. ವಿಭೂತಿಯ ಮೂರು ಗೆರೆಗಳನ್ನು ಅಷ್ಟು ನೇರವಾಗಿ ಎಳೆಯಬಲ್ಲ ಕೈ ರೊಟ್ಟಿಯನ್ನು ಮುರಿಯಲಾರದೇ? ಇಲ್ಲಿ ಕೊರತೆಯಿದ್ದುದು ಪ್ರೀತಿಯದಲ್ಲ. ಅವನ ಕೈಗೆ ಕೆಲಸ ಕೊಡುವ ತಾಳ್ಮೆಯದು. ಕಾಯಕವನ್ನು ಪೂಜೆಗಿಂತ ಹಿರಿದೆಂದು ಸಾರುವ ನಾವು, ನಮ್ಮ ಮನೆಯ ಮಗನಿಗೇ ಕಾಯಕವನ್ನು ನಿರಾಕರಿಸುತ್ತಿದ್ದೇವೆ.

ಎರಡನೆಯದು ಭಾಲ್ಕಿಯಲ್ಲಿ. ವಿಧವೆ ತಾಯಿ, ಹತ್ತೊಂಬತ್ತು ವರ್ಷದ ಮಗಳು. ತಾಯಿ ನಾಲ್ಕು ಮನೆಗಳಿಗೆ ರೊಟ್ಟಿ ಬಡಿದುಕೊಟ್ಟು ಜೀವಿಸುತ್ತಾರೆ. ಮಗಳು ತಾನೇ ಮೀಯುತ್ತಾಳೆ, ತೊಗರಿಬೇಳೆ ಹಸನು ಮಾಡುತ್ತಾಳೆ, ಯಾವ ಬಣ್ಣದ ಬಳೆ ಬೇಕೆಂದು ತಾನೇ ತೋರಿಸುತ್ತಾಳೆ. ಮೊದಲು ತಂಬಿಗೆ ಹಿಡಿಯುವುದು, ಅನಂತರ ನೀರು ಹೊಯ್ದುಕೊಳ್ಳುವುದು, ಆಮೇಲೆ ಸಾಬೂನು ಎಂದು ಒಂದೊಂದೇ ಮೆಟ್ಟಿಲಾಗಿ ಎರಡು ವರ್ಷ ಕಲಿಸಿದರಂತೆ. ಆರೈಕೆಯೆಂದರೆ ಇದು. ಆದರೆ ಆ ತಾಯಿ ರಾತ್ರಿ ಪೂರ್ತಿ ನಿದ್ರೆ ಮಾಡಿ ಎಷ್ಟೋ ವರ್ಷಗಳಾದುವು. ಮಗಳಿಗೆ ಆಗಾಗ ಮೂರ್ಛೆ ಬರುತ್ತದೆ. ಯಾವ ಗುಳಿಗೆ, ಎಷ್ಟು ಹೊತ್ತಿಗೆ ಎಂಬುದು ತಾಯಿಯೊಬ್ಬರಿಗೇ ಗೊತ್ತು. “ನಾ ಒಂದಿನ ಜ್ವರಾ ಬಂದು ಮಲಗಿದ್ರ ಈ ಮನಿ ನಿಂತೇ ಹೋಗ್ತದರಿ” ಎಂದರು. ಮೂರ್ಛೆಯ ಗುಳಿಗೆಯನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾದೀತು. ಆರೈಕೆ ಮಾಡುವವರು ಕುಸಿಯುತ್ತಿರುವಲ್ಲಿ, ಆರೈಕೆ ಎಷ್ಟು ಉತ್ತಮವಿದ್ದರೂ ಅದು ಒಂದೇ ಕಂಬದ ಮೇಲೆ ನಿಂತ ಚಪ್ಪರ.

ಮೂರನೆಯದು ಔರಾದ ತಾಲೂಕಿನ ಹಳ್ಳಿ. ಎಪ್ಪತ್ತು ದಾಟಿದ ತಾಯಿ, ನಲವತ್ತೈದರ ಮಗ. ಮನೆಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಮಗನು ಎಮ್ಮೆಗೆ ಮೇವು ಹಾಕುತ್ತಾನೆ, ನೀರು ತರುತ್ತಾನೆ. ಊರೆಲ್ಲ ಅವನನ್ನು ಬಲ್ಲದು. ನಾವು ಹೊರಡುವಾಗ ಆ ತಾಯಿ ಕೈಮುಗಿದು ಕೇಳಿಕೊಂಡರು: “ನನಗಿಂತ ಒಂದಿನ ಮುಂಚೆ ಇವನ್ನ ಕರ್ಕೊ ಅಂತ ಬಸವಣ್ಣಗ ಬೇಡ್ಕೋರಿ ಅಪ್ಪೋರೆ.”

ಇಂಥ ಮಾತಿಗೆ ಹಿಂದೆ ನಾವು ‘ತಾಳ್ಮೆಯಿರಲಿ ತಾಯಿ, ದೇವರಿದ್ದಾನೆ’ ಎಂದು ಹೇಳಿ ಎದ್ದು ಬಂದದ್ದುಂಟು. ಅದು ಉತ್ತರವಾಗಿರಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇವೆ. ತಾಯಿಯೊಬ್ಬಳು ತನ್ನ ಮಗನ ಸಾವನ್ನು ವರವಾಗಿ ಬೇಡುವಂತಾದರೆ ತಪ್ಪು ತಾಯಿಯದಲ್ಲ, ಸುತ್ತಲಿನ ಸಮಾಜದ್ದು.

ಆದ್ದರಿಂದ ಪ್ರತಿಯೊಂದು ಮನೆಯೂ ವರ್ಷಕ್ಕೊಮ್ಮೆ, ಬಸವ ಜಯಂತಿಯ ದಿನವೇ ಆಗಲಿ, ಕೆಲವು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಲಿ. ಹೋದ ವರ್ಷ ಮಾಡಲಾರದ ಯಾವ ಕೆಲಸವನ್ನು ಈ ವರ್ಷ ಅವನು ತನ್ನ ಕೈಯಾರೆ ಮಾಡುತ್ತಿದ್ದಾನೆ? ಉಡುವುದರಲ್ಲಿ, ಉಣ್ಣುವುದರಲ್ಲಿ ಅವನ ಇಷ್ಟವನ್ನು, ಅವನಿಗೆ ತಿಳಿಯುವ ಮನೆಮಾತಿನಲ್ಲಿ, ಯಾರಾದರೂ ಕೇಳುತ್ತಾರೆಯೇ? ವಾರದಲ್ಲಿ ಎಷ್ಟು ಸಲ ಹೊಸ್ತಿಲು ದಾಟುತ್ತಾನೆ? ಹಲ್ಲು, ಕಣ್ಣು, ಕಿವಿಗಳನ್ನು ವೈದ್ಯರಿಗೆ ತೋರಿಸಿದ್ದು ಯಾವಾಗ? ಯಾರಾದರೂ ಹೊಡೆದರೆ, ಮೈಮುಟ್ಟಿ ಕೆಣಕಿದರೆ, ಅದನ್ನು ಹೇಳಲು ಅಥವಾ ಸನ್ನೆಯಿಂದ ತೋರಿಸಲು ಕಲಿಸಿದ್ದೇವೆಯೇ? ನೋಡಿಕೊಳ್ಳುವವರಿಗೆ ತಿಂಗಳಲ್ಲಿ ಒಂದು ದಿನವಾದರೂ ಬಿಡುವಿದೆಯೇ? ಅವರು ನಾಳೆ ಇಲ್ಲವಾದರೆ ಏನು ಮಾಡಬೇಕೆಂದು ಬರೆದಿಟ್ಟಿದ್ದೇವೆಯೇ? ಈ ಪ್ರಶ್ನೆಗಳಿಗೆ ಶೇಕಡಾವಾರು ಅಂಕಗಳಿಲ್ಲ. ಆದರೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಮನೆಯ ಆರೈಕೆ ಎಲ್ಲಿದೆಯೆಂಬುದು ತಾನಾಗಿಯೇ ತಿಳಿಯುವುದು.

ಕೊನೆಯ ಪ್ರಶ್ನೆಗೆ ಕಾನೂನಿನ ನೆರವೂ ಉಂಟು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ, ಇಂಥ ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬಹುದು. ನೇಮಕಗೊಂಡ ಪಾಲಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಅನಂತರ ವರ್ಷವರ್ಷವೂ ಲೆಕ್ಕವನ್ನೂ ಒಪ್ಪಿಸಬೇಕು. ನಿರ್ಲಕ್ಷಿಸಿದರೆ, ಆಸ್ತಿಯನ್ನು ನುಂಗಿದರೆ ಅವನನ್ನು ತೆಗೆದುಹಾಕಬಹುದು. ಹೊಲದ ಆಸೆಗೆ ಮುಂದೆ ಬರುವ ಬಂಧುಗಳಿಗೆ ಇದೊಂದು ಕಡಿವಾಣ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ, ತನ್ನ ಸುಪರ್ದಿಯಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಅನ್ನನೀರು ಕೊಡದಿರುವುದು ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಕಲಿಸುವ ಬಗೆಯನ್ನು ತಿಳಿಯಬಯಸುವ ತಂದೆತಾಯಿಗಳಿಗೆ ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯಿದೆ. ಬೀದರಿನವರಿಗೆ ಅದು ಬೆಂಗಳೂರಿಗಿಂತ ಬಹಳ ಸಮೀಪ.

ಕಾಯಿದೆಯು ಅರ್ಜಿಯನ್ನು ಸ್ವೀಕರಿಸಬಲ್ಲದು; ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳಲಾರದು. ಅದು ನೆರೆಹೊರೆಯವರ ಕೆಲಸ. ವಾರಕ್ಕೆ ಎರಡು ತಾಸು ಭಾಲ್ಕಿಯ ಆ ಮಗಳ ಬಳಿ ಯಾರಾದರೂ ಅಕ್ಕನವರು ಕುಳಿತರೆ, ತಾಯಿ ಒಂದಿಷ್ಟು ಮಲಗಿಯಾಳು. ಅದೂ ದಾಸೋಹವೇ. ದಾಸೋಹವೆಂದರೆ ಪಂಕ್ತಿಗೆ ಬಡಿಸುವುದಷ್ಟೇ ಅಲ್ಲವೆಂದು ನಾವು ವೇದಿಕೆಯ ಮೇಲೆ ನೂರು ಸಲ ಹೇಳಿದ್ದೇವೆ. ಇನ್ನು ಮೇಲೆ ಪ್ರವಚನಕ್ಕೆ ಹೋದ ಊರಿನಲ್ಲಿ ಮೊದಲು ಆ ಮುಚ್ಚಿದ ಬಾಗಿಲನ್ನು ತಟ್ಟಬೇಕೆಂದು ಸಂಕಲ್ಪಿಸಿದ್ದೇವೆ. ಮುಂದಿನ ಶ್ರಾವಣದಲ್ಲಿ ಔರಾದಿಗೆ ಮತ್ತೆ ಹೋಗುವೆವು. ಆಗ ನಮ್ಮ ಜೋಳಿಗೆಯಲ್ಲಿ ವಿಭೂತಿಯೊಂದಿಗೆ ಸಮಿತಿಯ ಅರ್ಜಿಯ ನಮೂನೆಯೂ ಇರುತ್ತದೆ. ಆ ತಾಯಿ ತನ್ನ ಬೇಡಿಕೆಯನ್ನು ಬದಲಿಸಿಕೊಳ್ಳುವಂತಾದರೆ, ಆ ಊರಿನಲ್ಲಿ ಆರೈಕೆಯ ಗುಣಮಟ್ಟ ಏರಿತೆಂದು ತಿಳಿಯುವೆವು.