ಹಿತ್ತಲಿನ ಲೆಕ್ಕದಲ್ಲಿ ಗಿಡವೇ ಕೊನೆಯ ಸಾಲು

ಕಾಸರಗೋಡು, ಮಂಜೇಶ್ವರ, ಬದಿಯಡ್ಕಗಳ ಸುತ್ತಿನ ಮನೆಗಳಲ್ಲಿ ಅಂಗಳಕ್ಕೆ ಸಲ್ಲುವ ಆದರ ಹಿತ್ತಲಿಗೆ ಸಲ್ಲುವುದಿಲ್ಲ. ತುಳಸಿಕಟ್ಟೆ ಅಂಗಳದಲ್ಲಿ, ಸಂಜೆಯ ದೀಪ ಅಂಗಳದಲ್ಲಿ, ನೆಂಟರು ಬಂದಿಳಿಯುವುದೂ ಅಂಗಳಕ್ಕೇ. ಹಿತ್ತಲಿಗೆ ಬಂದು ಸೇರುವುದು ತೂತಾದ ಕೊಡಪಾನ, ಒಡೆದ ಹಂಚು, ಮನೆ ದುರಸ್ತಿಯಲ್ಲಿ ಮಿಕ್ಕ ಜಲ್ಲಿ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ನಾಡಿಗೋ ಹೋದ ಮೇಲೆ ಮನೆಯಲ್ಲುಳಿದ ಹಿರಿಯರ ಓಡಾಟ ಅಡುಗೆಮನೆಯ ಹಿಂಬಾಗಿಲಿಗೇ ಮುಗಿಯುತ್ತದೆ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯ ದಾರಿ ಮುಚ್ಚಿಹೋಗುತ್ತದೆ; ಬಸಳೆ ಚಪ್ಪರವಿದ್ದ ಜಾಗ ಯಾವುದೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರು ಮಾತ್ರ ಉಳಿಯುತ್ತಾರೆ.

ಮುಂದೆ ಒಂದು ರಜೆಯಲ್ಲಿ ಮಕ್ಕಳು ಊರಿಗೆ ಬಂದಾಗ ಹಿತ್ತಲನ್ನು ಸರಿಪಡಿಸುವ ಉತ್ಸಾಹ ಹುಟ್ಟುತ್ತದೆ. ಉತ್ಸಾಹ ಒಳ್ಳೆಯದೇ. ಆದರೆ ಅದು ಸಾಮಾನ್ಯವಾಗಿ ಎರಡೇ ಹೆಜ್ಜೆಯಲ್ಲಿ ಮುಗಿಯುತ್ತದೆ. ಮೊದಲ ದಿನ ಜೆಸಿಬಿ ಬಂದು ಎಲ್ಲವನ್ನೂ ಕೆರೆದು ಹಾಕುತ್ತದೆ. ಎರಡನೆಯ ದಿನ ನರ್ಸರಿಯಿಂದ ಒಂದು ಗಾಡಿ ತುಂಬ ಸಸಿಗಳು ಬರುತ್ತವೆ. ಮುಂದಿನ ಮಾರ್ಚಿನಲ್ಲಿ ಅವುಗಳಲ್ಲಿ ಬದುಕಿರುವುದು ಎಷ್ಟೆಂದು ಎಣಿಸಲು ಯಾರೂ ಇರುವುದಿಲ್ಲ. ಇಲ್ಲಿ ಹಣ ಸಾಲದೆ ಕೆಟ್ಟದ್ದು ಕಡಿಮೆ. ಹಣ ತಪ್ಪು ಸರದಿಯಲ್ಲಿ ಖರ್ಚಾಗಿ ಕೆಟ್ಟದ್ದೇ ಹೆಚ್ಚು. ಹಿತ್ತಲಿನ ಲೆಕ್ಕದಲ್ಲಿ ಮೊದಲ ಸಾಲು ನೋಟ, ಎರಡನೆಯದು ನೀರು, ಮೂರನೆಯದು ಮಣ್ಣು. ಗಿಡ ಕೊನೆಯ ಸಾಲಿಗೆ ಸೇರಿದ್ದು.

ಕಾಸರಗೋಡಿನ ನೆಲದ ಗುಣವೇ ಈ ಸರದಿಯನ್ನು ನಿರ್ಧರಿಸುತ್ತದೆ. ಇಲ್ಲಿನ ಹೆಚ್ಚಿನ ಮನೆಗಳು ನಿಂತಿರುವುದು ಮುರಕಲ್ಲಿನ ಇಳಿಜಾರಿನಲ್ಲಿ. ಅದರ ಮೇಲೆ ಬೆಳೆಯನ್ನು ಸಾಕಬಲ್ಲ ಮಣ್ಣಿನ ಪದರ ತೆಳುವಾದುದು. ಎಷ್ಟೋ ವರ್ಷಗಳ ತರಗೆಲೆ ಕೊಳೆತು ಆದ ಆ ಪದರವನ್ನು ಯಂತ್ರ ಅರ್ಧ ದಿನದಲ್ಲಿ ಒಂದು ಮೂಲೆಗೆ ರಾಶಿ ಹಾಕುತ್ತದೆ; ಜೂನ್ ತಿಂಗಳ ಮಳೆ ಅದನ್ನು ಕೆಂಪು ನೀರಾಗಿಸಿ ತೋಡಿಗೆ ಒಯ್ಯುತ್ತದೆ. ಜಲ್ಲಿಯ ರಾಶಿ ಸಾಗಿಸಲು, ಕುಸಿದ ದರೆಯನ್ನು ಸರಿಪಡಿಸಲು ಯಂತ್ರ ಬೇಕಾಗಬಹುದು. ಬೆನ್ನು ಬಾಗಿದ ಹಿರಿಯರಿರುವ ಮನೆಯಲ್ಲಿ ಕೈಕೆಲಸವೇ ಆಗಬೇಕೆಂದು ಹಟ ಹಿಡಿಯುವುದೂ ನ್ಯಾಯವಲ್ಲ. ಆದರೆ ಯಂತ್ರಕ್ಕೆ ಕೆಲಸದ ಗಡಿಯನ್ನು ಮೊದಲೇ ಗುರುತಿಸಿ ಕೊಡಬೇಕು. ಆ ಗಡಿ ಗೊತ್ತಾಗಬೇಕಾದರೆ ಹಿತ್ತಲನ್ನು ಮೊದಲು ನೋಡಿರಬೇಕು.

ನೋಡುವ ಕೆಲಸಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ ಮತ್ತು ಒಂದಷ್ಟು ತಾಳ್ಮೆ. ಹೆಜ್ಜೆ ಅಳೆದು ಒಂದು ನಕ್ಷೆ ಬರೆಯಬೇಕು. ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹರಿಯುತ್ತದೆ ಎಂಬುದನ್ನು ಗುರುತಿಸಬೇಕು. ಕಡಿಯುವ ಮೊದಲು ಅಲ್ಲಿ ಇರುವುದೆಲ್ಲದರ ಹೆಸರು ಬರೆಯಬೇಕು. ಕಳೆ ಎಂದು ಕಂಡದ್ದೆಲ್ಲ ಕಳೆಯಲ್ಲ. ಒದ್ದೆ ನೆಲದಲ್ಲಿ ಒಂದೆಲಗ ಹಬ್ಬಿರುತ್ತದೆ. ತುಳುವರಿಗೆ ಅದು ತಿಮರೆ, ಮಲಯಾಳಿಗಳಿಗೆ ಮುತ್ತಿಳ್, ಮೂವರ ಅಡುಗೆಮನೆಯಲ್ಲೂ ಅದು ಚಟ್ನಿ. ಮೂಲೆಯ ಕೆಸು, ಬೇಲಿಯ ನುಗ್ಗೆ, ಯಾರೂ ನೆಡದೆ ಎದ್ದ ಪುನರ್ಪುಳಿಯ ಸಸಿ, ಎಲ್ಲವೂ ಹಣ ಕೊಡದೆ ಬಂದ ಆಸ್ತಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗಿಡವನ್ನು ಹಳಿಯುವುದಿಲ್ಲ. ಹತ್ತಿರವಿದ್ದುದನ್ನು ಕಾಣದ ಕಣ್ಣನ್ನು ಹಳಿಯುತ್ತದೆ.

ಇನ್ನು ಕೆಲವನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಲೇಬೇಕು. ಅಮೆರಿಕ ಖಂಡದಿಂದ ಬಂದು ಇಲ್ಲಿ ನೆಲೆಸಿದ ಒಂದು ಬಳ್ಳಿಗೆ ಮಲಯಾಳದಲ್ಲಿ ಧೃತರಾಷ್ಟ್ರಪಚ್ಚ ಎಂದು ಹೆಸರು. ಉಕ್ಕಿನ ಭೀಮನನ್ನು ಅಪ್ಪಿ ಪುಡಿಮಾಡಿದ ಕುರುಡು ದೊರೆಯ ಕಥೆ ಓದಿದ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಿಲ್ಲ. ಅಪ್ಪಿದ ಮರಕ್ಕೆ ಬಿಸಿಲೇ ಸಿಗದಂತೆ ಅದು ಹೊದೆದುಕೊಳ್ಳುತ್ತದೆ. ಹೂ ಬಿಡುವ ಮುನ್ನವೇ ಬೇರುಸಹಿತ ಕಿತ್ತು ಒಣಗಿಸುವುದು ಅದಕ್ಕೆ ತಕ್ಕ ಉಪಾಯ. ಒದ್ದೆ ನೆಲದಲ್ಲಿ ಬಿದ್ದ ತುಂಡು ಮತ್ತೆ ಬೇರು ಬಿಡುತ್ತದೆ.

ಕಳೆನಾಶಕ ಸಿಂಪಡಿಸಿದರೆ ಕೂಲಿ ಉಳಿಯುತ್ತದೆ ಎಂಬ ಮಾತು ಇಲ್ಲಿ ಎದುರಾಗುತ್ತದೆ. ಆ ಸಾಲನ್ನು ಲೆಕ್ಕದಿಂದ ಹೊಡೆದು ಹಾಕುವುದೇ ಸರಿ. ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆಯಿದು. ಸಿಂಪಡಣೆ ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟು ದೇಶಾದ್ಯಂತ ಅದಕ್ಕೆ ತಡೆ ವಿಧಿಸಿದ್ದು 2011ರಲ್ಲಿ. ಅದು ಕೀಟನಾಶಕ, ಇದು ಕಳೆನಾಶಕ ಎಂಬ ವ್ಯತ್ಯಾಸ ನಿಜ. ಆದರೂ ಕುಡಿಯುವ ನೀರಿನ ಬಾವಿ ಹತ್ತು ಹೆಜ್ಜೆ ದೂರದಲ್ಲಿರುವಾಗ, ಕೂಲಿಯಲ್ಲಿ ಉಳಿದ ಹಣ ಮುಂದೆ ಯಾವ ಖಾತೆಯಲ್ಲಿ ಖರ್ಚಾದೀತು ಎಂದು ಕೇಳುವ ಹಕ್ಕು ಈ ನಾಡಿಗೆ ಇದೆ.

ಈಗ ಹಣದ ಮಾತು. ಹತ್ತು ಸೆಂಟಿನ ಒಂದು ಹಿತ್ತಲು, ಮನೆಯವರು ಹೊಂದಿಸಬಲ್ಲ ಮೊತ್ತ 40,000 ರೂಪಾಯಿ ಎಂದು ಭಾವಿಸಬಹುದು. ಊರಿಂದೂರಿಗೆ ಕೂಲಿಯೂ ಬೆಲೆಯೂ ಬೇರೆಯಾಗುವುದರಿಂದ ಈ ಮೊತ್ತ ಉದಾಹರಣೆ ಮಾತ್ರ, ಮುಖ್ಯವಾದುದು ಹಂಚಿಕೆ. ಕಸ ತೆಗೆದು, ಬಳ್ಳಿ ಕಿತ್ತು, ದಾರಿ ಬಿಡಿಸಲು 6,000. ನೀರಿನ ಕೆಲಸಕ್ಕೆ 14,000. ಮಣ್ಣಿಗೆ 8,000. ದರೆಯ ಕಲ್ಲು, ಮೆಟ್ಟಿಲು, ಚಪ್ಪರದ ಕಂಬಗಳಿಗೆ 4,000. ಸಸಿ ಮತ್ತು ಬೀಜಕ್ಕೆ 3,000. ಉಳಿದ 5,000 ರೂಪಾಯಿಯನ್ನು ಮೊದಲ ವರ್ಷ ಮುಟ್ಟಬಾರದು. ಈ ಪಟ್ಟಿ ನೋಡಿದವರಿಗೆ ಸಸಿಯ ಪಾಲು ಜಿಪುಣತನವೆಂದು ಕಾಣಬಹುದು. ನೀರು ಮತ್ತು ಮಣ್ಣು ಸರಿಯಾಗಿದ್ದರೆ ಸಸಿಗೆ ಅದಕ್ಕಿಂತ ಹೆಚ್ಚು ಬೇಡ. ಸರಿಯಾಗಿಲ್ಲದಿದ್ದರೆ ಎಷ್ಟು ಕೊಟ್ಟರೂ ಸಾಲದು.

ನೀರಿಗೆ ಅಷ್ಟು ದೊಡ್ಡ ಪಾಲು ಏಕೆ? ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರು. ಹೀಗಾಗಿ ನೂರು ಚದರ ಮೀಟರ್ ಮಾಡಿನ ಮೇಲೆ ಬೀಳುವುದು ಮೂರೂವರೆ ಲಕ್ಷ ಲೀಟರ್. ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲೇ ಸುರಿದು ರಸ್ತೆಯ ಚರಂಡಿ ಸೇರುತ್ತದೆ. ಅದೇ ಮನೆಯ ಬಾವಿ ಏಪ್ರಿಲಿನಲ್ಲಿ ತಳ ತೋರಿಸುತ್ತದೆ. ಮಾಡಿಗೆ ದಂಬೆ ಕಟ್ಟಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಅನಂತರದ್ದನ್ನು ಜಲ್ಲಿ, ಇದ್ದಿಲು, ಮರಳಿನ ಸೋಸುಗುಂಡಿಯ ಮೂಲಕ ಬಾವಿಗೆ ಇಳಿಸುವ ವ್ಯವಸ್ಥೆ ಹಿತ್ತಲಿನ ಮೊದಲ ಬೆಳೆ. ಇಳಿಜಾರಿಗೆ ಅಡ್ಡಲಾಗಿ ತೋಡಿದ ಇಂಗುಗುಂಡಿಗಳು ಎರಡನೆಯದು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತಂದ ಸುರಂಗಗಳು ಈ ಪ್ರದೇಶದ ಹಳೆಯ ಜಾಣ್ಮೆ. ಹಿತ್ತಲಲ್ಲಿ ಅಂಥದೊಂದು ಹೂತುಹೋಗಿದ್ದರೆ ಅದನ್ನು ಬಿಡಿಸಲು ಬಲ್ಲವರನ್ನೇ ಕರೆಯಬೇಕು. ಕುತೂಹಲದಿಂದ ಒಳಹೊಕ್ಕು ನೋಡುವ ಜಾಗ ಅದಲ್ಲ.

ಮಣ್ಣಿನ ಸರದಿ ಅನಂತರದ್ದು. ಮುರಮಣ್ಣು ಹುಳಿ, ಸುಣ್ಣ ಕೇಳುತ್ತದೆ. ಎಷ್ಟು ಸುಣ್ಣವೆಂಬುದನ್ನು ಊಹೆಗೆ ಬಿಡದೆ, ಪಂಚಾಯತಿನ ಕೃಷಿಭವನದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿ ತಿಳಿಯಬಹುದು. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕದೆ ನಡುವೆ ಎರಡು ವಾರವಾದರೂ ಬಿಡಬೇಕು. ಕಡಿದ ಸೊಪ್ಪು, ಬಿದ್ದ ತರಗೆಲೆ, ತೆಂಗಿನ ಸಿಪ್ಪೆಗಳನ್ನು ಸುಡುವುದೆಂದರೆ ದುಡ್ಡನ್ನೇ ಸುಟ್ಟಂತೆ. ಅವೇ ಬುಡದ ಹೊದಿಕೆ, ಅವೇ ಮುಂದಿನ ವರ್ಷದ ಗೊಬ್ಬರ. ನೀರು ನಿಲ್ಲುವ ಅಡಕೆ ಹಾಳೆ ಮತ್ತು ಚಿಪ್ಪುಗಳನ್ನು ಮಾತ್ರ ಮಳೆಗೆ ಮುನ್ನ ಕವುಚಿಡಬೇಕು. ಡೆಂಗಿಯ ಸೊಳ್ಳೆಗೆ ಅಷ್ಟೇ ನೀರು ಸಾಕು.

ಕೊನೆಗೆ ಗಿಡ. ತೆಂಗಿನ ಸಸಿಗಳ ನಡುವೆ ಏಳೂವರೆ ಮೀಟರ್ ಅಂತರ ಬೇಕು. ಆ ಲೆಕ್ಕದಲ್ಲಿ ಹತ್ತು ಸೆಂಟನ್ನು ಪೂರ್ತಿ ತೆಂಗಿಗೇ ಬಿಟ್ಟರೂ ಹಿಡಿಸುವುದು ಏಳು ಸಸಿ. ಆಗ ತರಕಾರಿಗೆ ಬಿಸಿಲು ಉಳಿಯುವುದಿಲ್ಲ. ಅಂಚಿನಲ್ಲಿ ಎರಡು ತೆಂಗು, ಪಾತ್ರೆ ತೊಳೆದ ನೀರು ಹರಿಯುವಲ್ಲಿ ಬಾಳೆ, ಅಡುಗೆಮನೆಗೆ ಹತ್ತಿರ ಬಸಳೆ ಮತ್ತು ತೊಂಡೆ ಇಷ್ಟಿದ್ದರೆ ಮೊದಲ ವರ್ಷಕ್ಕೆ ಧಾರಾಳ. ಬಸಳೆಯ ದಂಟು, ತೊಂಡೆಯ ಬಳ್ಳಿ, ಕೆಸುವಿನ ಗಡ್ಡೆ ನೆರೆಮನೆಯಿಂದ ಬರಲಿ. ಆ ಕೊಡುಕೊಳೆಯಲ್ಲಿ ಹಣ ಉಳಿಯುವುದರ ಜೊತೆಗೆ ಮಾತೂ ಬೆಳೆಯುತ್ತದೆ. ಮರದ ಸಸಿಗೆ ಮಳೆಗಾಲದ ಆರಂಭ ಸರಿಯಾದ ಹೊತ್ತು, ತರಕಾರಿಗೆ ಮಳೆ ಹಿಂದೆ ಸರಿದ ಮೇಲಿನ ದಿನಗಳು.

ಮುಟ್ಟದೆ ಇಟ್ಟ 5,000 ರೂಪಾಯಿಯ ಮಹತ್ವ ತಿಳಿಯುವುದು ಎರಡನೆಯ ವರ್ಷದಲ್ಲಿ. ಕಿತ್ತ ಬಳ್ಳಿ ಮರಳಿ ಚಿಗುರುವುದು ಆಗ, ಸೋಸುಗುಂಡಿಯ ಮರಳು ತೊಳೆಯಬೇಕಾಗುವುದು ಆಗ, ಮೊದಲ ಬೇಸಗೆಯಲ್ಲಿ ಸತ್ತ ಸಸಿಯ ಜಾಗ ತುಂಬಬೇಕಾಗುವುದೂ ಆಗಲೇ. ಹಣವೇ ಇಲ್ಲದ ಮನೆಯವರು ಹತ್ತು ಸೆಂಟಿನ ಯೋಚನೆ ಬಿಟ್ಟು ಹಿಂಬಾಗಿಲಿನ ಎರಡು ಸೆಂಟಿನಿಂದ ತೊಡಗಬಹುದು. ಇದರಿಂದ ಲಾಭವೇನು ಎಂಬ ಪ್ರಶ್ನೆಗೆ ಪೇಟೆಯ ದರದಲ್ಲಿ ಉತ್ತರವಿಲ್ಲ. ಮಾರ್ಚಿನಲ್ಲೂ ಬತ್ತದ ಬಾವಿ, ಮನೆಯ ಹಿರಿಯರು ಕೋಲೂರಿ ನಡೆಯಬಹುದಾದ ಹಾವಿನ ಭಯವಿಲ್ಲದ ದಾರಿ, ಇವುಗಳಿಗೆ ಬೆಲೆ ಕಟ್ಟಬಲ್ಲವರು ಕಟ್ಟಲಿ.

ಈ ಕೆಲಸದಲ್ಲಿ ಕನ್ನಡ ಓದುವ ವಿದ್ಯಾರ್ಥಿಗೂ ಒಂದು ಪಾಲಿದೆ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ನೆಲ ದುಡಿಯುತ್ತಲೇ ಕವಿತೆ ಬರೆದವರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ದುಡಿತವೇ ನನ್ನ ದೇವರು’. ಎಲ್ಲರೂ ಅವರಂತೆ ಬೇಸಾಯಗಾರರಾಗಬೇಕಿಲ್ಲ. ಆದರೆ ಹಿತ್ತಲಿನ ಪಟ್ಟಿಯಲ್ಲಿ ಬೆಲೆ ಬರೆಯುವ ಅಂಕಣದ ಪಕ್ಕದಲ್ಲಿ ಹೆಸರಿನ ಅಂಕಣವೂ ಒಂದಿದೆ. ಅದನ್ನು ತುಂಬಬಲ್ಲವರು ಅಜ್ಜಿಯಂದಿರು, ಬರೆದಿಡಬೇಕಾದವರು ಮೊಮ್ಮಕ್ಕಳು. ಒಂದು ಗಿಡಕ್ಕೆ ಕನ್ನಡದ ಹೆಸರು, ತುಳುವಿನ ಹೆಸರು, ಮಲಯಾಳದ ಹೆಸರು, ಮನೆಮಾತಿನ ಹೆಸರು, ಜೊತೆಗೆ ಅದು ಯಾವ ಅಡುಗೆಗೆ, ಯಾವ ಕಾಯಿಲೆಗೆ ಬಳಕೆಯಾಗುತ್ತಿತ್ತು ಎಂಬ ಒಂದು ಸಾಲು. ಪದಕೋಶಗಳು ಬಿಟ್ಟಿರಬಹುದಾದ ಮಾತುಗಳು ಅಲ್ಲಿ ಸಿಗುತ್ತವೆ. ಹಿತ್ತಲು ಮುಂದಿನ ವರ್ಷಕ್ಕೂ ಕಾದೀತು. ಹೆಸರು ಹೇಳುವವರು ಅಷ್ಟು ಕಾಲ ಕಾಯುವರೆಂಬ ಭರವಸೆಯಿಲ್ಲ. ಬರುವ ರಜೆಯಲ್ಲಿ ಕತ್ತಿ ಹಿಡಿದು ಹಿತ್ತಲಿಗಿಳಿಯುವ ಮೊದಲು ಪೆನ್ನು ಹಿಡಿದು ಅವರ ಬಳಿ ಕುಳಿತರೆ, ಆ ಲೆಕ್ಕಪುಸ್ತಕದ ಮೊದಲ ಪುಟ ಖರ್ಚಿಲ್ಲದೆ ತುಂಬುತ್ತದೆ.